ನಾಣ್ಯದ ಪಾಠ ಎಲ್ಲಿ ಚೆನ್ನ: ವಿಡಿಯೋ, ಕ್ಯಾಟಲಾಗ್, ಪ್ರದರ್ಶನ, ಮೇಷ್ಟ್ರ ಮೇಜು

ನನ್ನ ಉತ್ತರ ಮೇಷ್ಟ್ರ ಮೇಜು, ಅಂದರೆ ಹಳೇ ಸಂಗ್ರಾಹಕರೊಬ್ಬರ ಎದುರು ಕೂತು ನಾಣ್ಯ ಮುಟ್ಟಿ ಕಲಿಯುವುದು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಮೇಜು ಸಿಗುವ ಮುಂಚೆ ನಾನು 1,800 ರೂಪಾಯಿ ಕಳೆದುಕೊಂಡೆ. ಹೊಸದಾಗಿ ನಾಣ್ಯ ಕೂಡಿಡಲು ಹೊರಟವರು ಯಾರೂ ಹಾಗೆ ಕಳೆದುಕೊಳ್ಳಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮಂಡ್ಯದಲ್ಲಿ ಕಾಲೇಜಿನ ಹತ್ತಿರ ನನ್ನದೊಂದು ಜೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ ಇದೆ. ನನಗೆ ಈ ಹುಚ್ಚು ಹಿಡಿದಿದ್ದು ಹತ್ತು ರೂಪಾಯಿ ಬಿಲ್ಲೆಯಿಂದ. ಚಿಲ್ಲರೆ ಕೊಟ್ಟರೆ ಹುಡುಗರು "ಅಕ್ಕ, ಇದು ನಡೆಯಲ್ಲ, ನೋಟೇ ಕೊಡಿ" ಅಂತ ವಾಪಸ್ ಕೊಡುತ್ತಿದ್ದರು. ಹತ್ತು ಗೆರೆ ಇದ್ದರೆ ಅಸಲಿ, ಹದಿನೈದು ಇದ್ದರೆ ನಕಲಿ ಅಂತ ಸುದ್ದಿ ಹಬ್ಬಿತ್ತು. ಒಂದು ರಾತ್ರಿ ಎರಡೂ ಥರದ ಬಿಲ್ಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ರೂಪಾಯಿ ಚಿಹ್ನೆ ಇಲ್ಲದ ಹಳೆಯದರಲ್ಲಿ ಹದಿನೈದು ಗೆರೆ, ಚಿಹ್ನೆ ಬಂದ ಮೇಲಿನದರಲ್ಲಿ ಹತ್ತು. ಎರಡೂ ಸರಿಯೇ. ಹದಿನಾಲ್ಕು ವಿನ್ಯಾಸದ ಬಿಲ್ಲೆಗಳೂ ನಡೆಯುತ್ತವೆ ಅಂತ 2018ರ ಜನವರಿಯಲ್ಲೇ ರಿಸರ್ವ್ ಬ್ಯಾಂಕ್ ಹೇಳಿತ್ತು. ಆ ಪ್ರಕಟಣೆಯ ಪ್ರತಿ ತೆಗೆದು ಗಲ್ಲದ ಮುಂದೆ ಅಂಟಿಸಿದೆ. ಅವತ್ತಿನಿಂದ ನಾಣ್ಯವನ್ನು ನೋಡುವ ಕಣ್ಣೇ ಬೇರೆಯಾಯಿತು.

ಮುಂದೆ ಏನು ಕಲಿಯಬೇಕು ಅಂತ ಗೊತ್ತಿರಲಿಲ್ಲ. ಕೈಯಲ್ಲಿ ಮೊಬೈಲ್ ಇತ್ತು. ವಿಡಿಯೋ ನೋಡಲು ಶುರು ಮಾಡಿದೆ.

ವಿಡಿಯೋಗಳಿಂದ ಒಂದು ಒಳ್ಳೆಯ ಪಾಠ ಸಿಕ್ಕಿತು, ಅದಕ್ಕೆ ನಾನು ಋಣಿ. ಟಂಕಸಾಲೆಯ ಗುರುತು ನೋಡುವುದು ಹೇಗೆ ಅಂತ ಕಲಿತೆ. ವರ್ಷದ ಕೆಳಗೆ ನಕ್ಷತ್ರ ಇದ್ದರೆ ಹೈದರಾಬಾದ್, ವಜ್ರದ ಆಕಾರ ಇದ್ದರೆ ಮುಂಬೈ, ದುಂಡು ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ರಾತ್ರಿ ಅಂಗಡಿ ಬಾಗಿಲು ಹಾಕಿ ಗಲ್ಲದ ಚಿಲ್ಲರೆಯನ್ನು ಹೀಗೆ ನಾಲ್ಕು ಗುಡ್ಡೆ ಮಾಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುತ್ತಿರಲಿಲ್ಲ. ಇದಕ್ಕೆ ಒಂದು ಪೈಸೆ ಖರ್ಚೂ ಇಲ್ಲ. ಹೊಸಬರು ಇದನ್ನು ಇವತ್ತೇ ಶುರು ಮಾಡಬಹುದು.

ಆದರೆ ಹತ್ತರಲ್ಲಿ ಒಂಬತ್ತು ವಿಡಿಯೋ ಬೆಲೆಯ ಬಗ್ಗೆಯೇ. ವೈಷ್ಣೋದೇವಿ ಚಿತ್ರದ 2012ರ ಐದು ರೂಪಾಯಿ ಇದ್ದರೆ ಲಕ್ಷ, ಟ್ರ್ಯಾಕ್ಟರ್ ಇರುವ ಐದು ರೂಪಾಯಿ ನೋಟಿಗೆ ಲಕ್ಷ. ಅಷ್ಟು ಕೊಡುವವರು ಯಾರೂ ಇಲ್ಲ. ಹಳೇ ನಾಣ್ಯ, ನೋಟು ಮಾರಿಸಿಕೊಡುತ್ತೇವೆ ಅಂತ ತನ್ನ ಹೆಸರಿನಲ್ಲಿ ಕಮಿಷನ್ ಕೇಳುವವರನ್ನು ನಂಬಬೇಡಿ ಅಂತ 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಟ್ಟಿತ್ತು. ರಾಮ ಸೀತೆ ಚಿತ್ರದ, 1818 ಅಂತ ಇಸವಿ ಇರುವ ಅರ್ಧಾಣೆಯ ಕಥೆಯೂ ಇಂಥದ್ದೇ. ಈಸ್ಟ್ ಇಂಡಿಯಾ ಕಂಪನಿ ಅಂಥ ಅರ್ಧಾಣೆ ಹೊರಡಿಸಲೇ ಇಲ್ಲ. 1835ರ ಅಸಲಿ ಅರ್ಧಾಣೆ ಮೇಲೆ ಇರುವುದು ಕಂಪನಿಯ ಲಾಂಛನ. ಕಂಪನಿಯ ಮದ್ರಾಸ್ ವರಹದ ಮೇಲೆ ವಿಷ್ಣು ಇರುವುದು ನಿಜ. ಹಾಗಾಗಿ ಕಂಪನಿ ನಾಣ್ಯದಲ್ಲಿ ದೇವರು ಅಂದರೆ ನಂಬುವವರು ನಂಬಿಬಿಡುತ್ತಾರೆ.

ಇನ್ನೊಂದು ವಿಡಿಯೋ ನೋಡಿ ಅಜ್ಜಿಯ ಡಬ್ಬಿಯಲ್ಲಿದ್ದ ತೂತಿನ ಕಾಸುಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ, ಪೂಜೆಯ ತಂಬಿಗೆ ತೊಳೆದ ಹಾಗೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1943ರಿಂದ ಬಂದ ಕಾಸುಗಳು ಅವು. ಎಂಬತ್ತು ವರ್ಷದಿಂದ ಕೂತಿದ್ದ ಕಂದು ಬಣ್ಣ ಐದು ನಿಮಿಷದಲ್ಲಿ ಹೋಯಿತು. ಅದು ಮತ್ತೆ ಬರುವುದಿಲ್ಲ. ದಯವಿಟ್ಟು ನಾಣ್ಯ ತೊಳೆಯಬೇಡಿ.

ಈಗ ಆ 1,800 ರೂಪಾಯಿಯ ವಿಷಯ.

ಶ್ರೀರಂಗಪಟ್ಟಣ ನಮಗೆ ಪಕ್ಕದ ಊರು. ಟಿಪ್ಪುವಿನ ಆನೆ ಚಿತ್ರದ ತಾಮ್ರದ ಪೈಸೆ ಒಂದಾದರೂ ನನ್ನ ಹತ್ತಿರ ಇರಬೇಕು ಅಂತ ತುಂಬಾ ಆಸೆ ಇತ್ತು. ಮೊಬೈಲಿನಲ್ಲೇ ಪರಿಚಯವಾದ ಒಬ್ಬ ಮಾರಾಟಗಾರ ಒಂದಕ್ಕೆ 900 ಅಂದ. ಫೋಟೋ ಚೆನ್ನಾಗಿತ್ತು. ಒಂದು ನನಗೆ, ಒಂದು ತಮ್ಮನಿಗೆ ಅಂತ ಎರಡು ತರಿಸಿದೆ. ಅಂಥ ಪೈಸೆಯ ಹತ್ತಾರು ವಿಡಿಯೋ ಆಗಲೇ ನೋಡಿದ್ದೆ. ಆನೆ ಯಾವ ಕಡೆ ನಿಂತಿದೆ, ಸೊಂಡಿಲು ಎತ್ತಿದೆಯೋ ಇಳಿಸಿದೆಯೋ ಎಲ್ಲ ತಿಳಿದಿತ್ತು. ಬಂದ ನಾಣ್ಯಗಳಲ್ಲಿ ಆನೆ ಸರಿಯಾಗಿಯೇ ಇತ್ತು. ಎರಡು ತಿಂಗಳು ಬಂದವರಿಗೆಲ್ಲ ಖುಷಿಯಿಂದ ತೋರಿಸಿದೆ.

ಆ ಹೊತ್ತಿಗೆ ಮೈಸೂರಿನ ಹುಡುಗನೊಬ್ಬ ಪ್ರಾಜೆಕ್ಟ್ ಬೈಂಡಿಂಗ್ ಮಾಡಿಸಲು ಬಂದ. ಗಲ್ಲದ ಮುಂದಿನ ಕಾಗದ ಓದಿ, "ನಮ್ಮ ತಾತನಿಗೂ ಇದೇ ಹುಚ್ಚು ಅಕ್ಕ, ಒಂದ್ಸಲ ಬನ್ನಿ" ಅಂದ. ತಾತ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ನಲವತ್ತು ವರ್ಷದಿಂದ ನಾಣ್ಯ ಕೂಡಿಟ್ಟವರು. ಒಂದು ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ರೈಲು ಹತ್ತಿದೆ.

ಮೇಷ್ಟ್ರು ನನ್ನ ಎರಡು ಪೈಸೆಗಳನ್ನು ಅಂಗೈಯಲ್ಲಿ ಇಟ್ಟುಕೊಂಡರು. ಆನೆಯನ್ನು ನೋಡಲೇ ಇಲ್ಲ. ಅಂಚನ್ನು ಬೆರಳಿನಿಂದ ಸವರಿದರು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು, "ಅವಳಿ ಮಕ್ಕಳಿಗೂ ಇಷ್ಟು ಹೋಲಿಕೆ ಇರಲ್ಲ ಕಣಮ್ಮ" ಅಂದರು. ಆನೆಯ ಹಿಂಗಾಲಿನ ಹತ್ತಿರ ಒಂದು ಸಣ್ಣ ಗುಳಿ ಇತ್ತು. ಎರಡರಲ್ಲೂ ಅದೇ ಜಾಗ, ಅದೇ ಅಳತೆ. ಆ ಕಾಲದಲ್ಲಿ ತಾಮ್ರದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಒಂದು ಏಟಿನಂತೆ ಇನ್ನೊಂದು ಏಟು ಬೀಳುವುದಿಲ್ಲ. ಒಂದರಲ್ಲಿ ಆನೆಯ ಬಾಲ ಹೊರಗೆ ಹೋಗಿರುತ್ತದೆ, ಇನ್ನೊಂದರಲ್ಲಿ ಸೊಂಡಿಲು. ಸವೆತದ ಗುಳಿ ಎರಡು ನಾಣ್ಯದಲ್ಲಿ ಒಂದೇ ಜಾಗದಲ್ಲಿ ಬಂದಿದೆ ಅಂದರೆ ಒಂದು ಅಸಲಿಯಿಂದ ಪಡಿಯಚ್ಚು ತೆಗೆದು ಎರಕ ಹೊಯ್ದಿದ್ದಾರೆ ಅಂತಲೇ ಅರ್ಥ. ಅಂಚಿನಲ್ಲಿ ಸುತ್ತಲೂ ಒಂದು ಸಣ್ಣ ಗೆರೆ ಇತ್ತು, ಅರದಿಂದ ಉಜ್ಜಿ ಮರೆಮಾಡಿದ್ದರು. ಅಚ್ಚಿನ ಎರಡು ಅರ್ಧಗಳು ಸೇರುವ ಜಾಗ ಅದು.

ಕೊನೆಗೆ ಮೇಷ್ಟ್ರು ಸಣ್ಣ ತಕ್ಕಡಿ ತೆಗೆದರು. ಟಿಪ್ಪುವಿನ ಒಂದು ಪೈಸೆ 11 ಗ್ರಾಂ ಮೇಲೆ ತೂಗಬೇಕು. ನನ್ನವು 8.2 ಮತ್ತು 8.3.

ಇದನ್ನೆಲ್ಲ ಇಷ್ಟು ಉದ್ದ ಬರೆಯಲು ಕಾರಣ ಇದೆ. ಅಂಚು, ತೂಕ, ಪಕ್ಕಪಕ್ಕ ಇಟ್ಟು ನೋಡುವುದು ಇವು ಮೂರೂ ವಿಡಿಯೋದಲ್ಲಿ ಕಾಣುವುದಿಲ್ಲ. ಪರದೆಯ ಮೇಲೆ ಕಾಣುವುದು ನಾಣ್ಯದ ಮುಖ. ನಕಲಿ ಮಾಡುವವನು ಶ್ರಮ ಹಾಕುವುದೂ ಆ ಮುಖದ ಮೇಲೆಯೇ.

ಇನ್ನು ಕ್ಯಾಟಲಾಗ್, ಅಂದರೆ ನಾಣ್ಯಗಳ ವಿವರ ಪಟ್ಟಿ ಮಾಡಿದ ಪುಸ್ತಕ. ನನ್ನ ಲೆಕ್ಕದಲ್ಲಿ ಇದಕ್ಕೆ ಎರಡನೇ ಸ್ಥಾನ. ಮೇಷ್ಟ್ರ ಹಳೆಯ ದಪ್ಪ ಕ್ಯಾಟಲಾಗ್ ಅನ್ನು ಮೂರು ವಾರ ಮನೆಗೆ ತಂದಿದ್ದೆ, ನ್ಯೂಮಿಸ್ಟಾ ಅನ್ನುವ ವೆಬ್‌ಸೈಟನ್ನೂ ಬಳಸುತ್ತೇನೆ, ಅದು ಉಚಿತ. ತೂಕ, ವ್ಯಾಸ, ಲೋಹ ಎಲ್ಲ ಇರುತ್ತದೆ. ಸಂಗ್ರಾಹಕರು ಕೆಎಂ ನಂಬರ್ ಅನ್ನುವುದು ಕ್ರೌಸ್ ಮತ್ತು ಮಿಶ್ಲರ್ ಅನ್ನುವವರ ಕ್ಯಾಟಲಾಗ್‌ನಲ್ಲಿ ಆ ನಾಣ್ಯಕ್ಕೆ ಕೊಟ್ಟ ನಂಬರನ್ನು. ಆದರೆ ಒಬ್ಬರೇ ಕೂತು ಓದಿದರೆ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತೇವೆ. ನಾನು ಸಿಕ್ಕಿಹಾಕಿಕೊಂಡಿದ್ದು ಇಸವಿಯಲ್ಲಿ. ಅರಬ್ಬಿ ಅಂಕಿಗಳನ್ನು ಒಂದು ಕಾರ್ಡಿನಲ್ಲಿ ಬರೆದುಕೊಂಡು ಟಿಪ್ಪುವಿನ ಒಂದು ಪೈಸೆಯ ಫೋಟೋ ಓದಿದರೆ 5221 ಅಂತ ಬಂತು. ಐದು ಸಾವಿರದ ಇಸವಿ ಎಲ್ಲಿಂದ ಬರಬೇಕು? ಎರಡು ದಿನ ತಲೆ ಕೆಡಿಸಿಕೊಂಡೆ. ಮೇಷ್ಟ್ರನ್ನು ಕೇಳಿದರೆ ಒಂದೇ ಮಾತಿನಲ್ಲಿ ಬಿಡಿಸಿದರು: "ತಿರುಗಿಸಿ ಓದಮ್ಮ." ಟಿಪ್ಪು 1787ರ ಹೊತ್ತಿಗೆ ಮುಸ್ಲಿಮರ ಹಿಜ್ರಿ ಇಸವಿಯ ಲೆಕ್ಕ ಬಿಟ್ಟು ಮೌಲೂದಿ ಅನ್ನುವ ಹೊಸ ಲೆಕ್ಕ ತಂದ, ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ ಅದು 1225, ನಮ್ಮ ಲೆಕ್ಕದಲ್ಲಿ 1797ರ ಸುಮಾರು. ಆ ಪೈಸೆಗೆ ಜೊಹ್ರಾ ಅಂತ ಹೆಸರಿಟ್ಟಿದ್ದ, ಅಂದರೆ ಶುಕ್ರಗ್ರಹ. ಟಂಕಸಾಲೆಯ ಹೆಸರು ಇರುವ ಜಾಗದಲ್ಲಿ ಪಟನ್ ಅಂತ ಇದೆ. ನಾವು ಮಂಡ್ಯದವರು ಇವತ್ತಿಗೂ ಶ್ರೀರಂಗಪಟ್ಟಣವನ್ನು ಪಟ್ಟಣ ಅಂತಲೇ ಕರೆಯುತ್ತೇವೆ, ಅಲ್ವಾ? ಅದನ್ನು ಓದಿದಾಗ ಮೈ ಜುಮ್ ಅಂದಿತು.

ಅರಬ್ಬಿ ಅಂಕಿ ಕಷ್ಟ ಅನ್ನುವವರು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸಿನಿಂದ ಶುರು ಮಾಡಬಹುದು. ಆನೆಯೋ ಸಿಂಹವೋ ಇರುತ್ತದೆ, ಮೇಲೆ ಶ್ರೀ ಇರುತ್ತದೆ, ಹಿಂದೆ ಕನ್ನಡದಲ್ಲೇ ಮಯಿಲಿ ಕಾಸು ಅಂತ ಬರೆದಿರುತ್ತದೆ. ಇನ್ನೂರು ವರ್ಷದ ಹಿಂದಿನ ಕನ್ನಡ ಅಕ್ಷರವನ್ನು ನಾವೇ ಕೂಡಿಸಿ ಓದಬಹುದು.

ಪ್ರದರ್ಶನಗಳಿಗೆ ಎರಡು ಸಲ ಹೋಗಿದ್ದೇನೆ. ಜನ ಜಾಸ್ತಿ, ಮಾರುವವರಿಗೆ ಪುರುಸೊತ್ತು ಇರುವುದಿಲ್ಲ. ಒಂದು ವರ್ಷ ಕಲಿತ ಮೇಲೆ ಹೋದರೆ ಲಾಭ. ಮ್ಯೂಸಿಯಂ ಗಾಜಿನ ಹಿಂದೆ ನಾಣ್ಯದ ಒಂದು ಮಗ್ಗುಲು ಮಾತ್ರ ಕಾಣುತ್ತದೆ.

ಮೇಷ್ಟ್ರ ಮೇಜಿನಲ್ಲಿ ಪಾಠ ಹೀಗೆ ನಡೆಯುತ್ತದೆ. ಒಂದು ತಟ್ಟೆಯಲ್ಲಿ ಹತ್ತು ಬೆಳ್ಳಿ ರೂಪಾಯಿ ಹಾಕಿ ಮುಂದೆ ತಳ್ಳುತ್ತಾರೆ. ಎರಡು ಸುಳ್ಳು, ಹುಡುಕು ಅನ್ನುತ್ತಾರೆ. ಬ್ರಿಟಿಷರ ಕಾಲದ ರೂಪಾಯಿ 11.66 ಗ್ರಾಂ, ಅಂದರೆ ಒಂದು ತೊಲ. ಅಜ್ಜಿ ಬಂಗಾರವನ್ನು ತೊಲದ ಲೆಕ್ಕದಲ್ಲಿ ಹೇಳುತ್ತಿದ್ದುದು ನೆನಪಿಗೆ ಬಂತು. ಆಮೇಲೆ ಒಂದೊಂದನ್ನೇ ಮೇಜಿನ ಮೇಲೆ ಬೀಳಿಸಿ ದನಿ ಕೇಳಿಸುತ್ತಾರೆ. 1940ರಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರಲ್ಲಿ ಪೂರ್ತಿ ನಿಕ್ಕಲ್ ಆಯಿತು. ಕಣ್ಣು ಮುಚ್ಚಿ ಕೇಳಿದರೂ ಮೂರಕ್ಕೂ ದನಿ ಬೇರೆ. ಆರನೇ ಭಾನುವಾರಕ್ಕೆ ಎರಡು ಸುಳ್ಳನ್ನೂ ತಪ್ಪಿಲ್ಲದೆ ತೆಗೆದೆ.

ಕಾನೂನನ್ನೂ ಅವರೇ ಹೇಳಿದರು. ನೆಲ ಅಗೆಯುವಾಗ ಸಿಕ್ಕಿದ್ದನ್ನು ಕೊಳ್ಳಬಾರದು, ನಿಧಿಯ ಬಗ್ಗೆ 1878ರಿಂದಲೇ ಕಾಯ್ದೆ ಇದೆ. ನೂರು ವರ್ಷ ದಾಟಿದ ನಾಣ್ಯವನ್ನು ಸುಮ್ನೆ ಹೊರದೇಶಕ್ಕೆ ಕಳಿಸುವಂತಿಲ್ಲ.

ಇದರಲ್ಲಿ ತೊಂದರೆ ಇಲ್ಲವೇ ಅಂದರೆ ಇದೆ. ಮೇಷ್ಟ್ರಿಗೆ 1950ರ ಈಚೆಗಿನ ನಾಣ್ಯಗಳಲ್ಲಿ ಆಸಕ್ತಿ ಕಮ್ಮಿ. ನಯಾಪೈಸೆ ತೋರಿಸಿದರೆ ಬೇಗ ಪಕ್ಕಕ್ಕಿಡುತ್ತಾರೆ. ಅದಕ್ಕೆ ನನಗೆ ವೆಬ್‌ಸೈಟೇ ಗತಿ. ಅವರಿಗೆ ಹುಷಾರಿಲ್ಲದ ವಾರ ಪಾಠ ಇಲ್ಲ. ಅಂಥವರು ಎಲ್ಲರಿಗೂ ಸಿಗುವುದೂ ಇಲ್ಲ. ಅಂಚೆಚೀಟಿ ಕೂಡಿಡುವವರನ್ನು ವಿಚಾರಿಸಿ, ಅವರಲ್ಲಿ ಒಬ್ಬರಿಗಾದರೂ ನಾಣ್ಯದವರ ಪರಿಚಯ ಇರುತ್ತದೆ. ಹಳೇ ಬೆಳ್ಳಿ ಕೊಳ್ಳುವ ಅಂಗಡಿಯ ಹಿರಿಯರನ್ನೂ ಕೇಳಬಹುದು. ದಿನವೂ ರೂಪಾಯಿ ಮುಟ್ಟಿದ ಕೈಗಳು ಅವು.

ಆ 1,800 ಹೋದ ಮೇಲೆ, ನನ್ನ ತಿಂಗಳ ಖರ್ಚು 500 ರೂಪಾಯಿ ದಾಟಬಾರದು ಅಂತ ಮನೆಯಲ್ಲಿ ಮಾತಾಗಿದೆ. ಮೊದಲ ತಿಂಗಳ ದುಡ್ಡಿನಲ್ಲಿ ನಾಣ್ಯ ಕೊಳ್ಳಲಿಲ್ಲ, ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಜೇಬಿನ ತಕ್ಕಡಿ ಕೊಂಡೆ. ಎರಡನೇ ತಿಂಗಳು ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ. ಮೂರನೇ ತಿಂಗಳು ರೈಲು ಟಿಕೆಟ್ ಮತ್ತು ಮೇಷ್ಟ್ರ ಮನೆಗೆ ಬಾಳೆಹಣ್ಣು ಬಿಟ್ಟರೆ ಖರ್ಚೇ ಇರಲಿಲ್ಲ. ಸಂಜೆ ಹೊತ್ತು ಬಿಡುವಿಲ್ಲದವರು, ಊರು ಬಿಟ್ಟು ಹೋಗಲಾಗದವರು ಕ್ಯಾಟಲಾಗ್ ಜೊತೆಗೆ ತಕ್ಕಡಿ ಇಟ್ಟುಕೊಂಡರೆ ಮುಕ್ಕಾಲು ಪಾಠ ಆಗುತ್ತದೆ. ಬರೀ ವಿಡಿಯೋ ನಂಬಿ ಕೊಳ್ಳಲು ಮಾತ್ರ ಹೋಗಬೇಡಿ.

ಆ ಎರಡು ಎರಕದ ಪೈಸೆಗಳನ್ನು ನಾನು ಬಿಸಾಡಿಲ್ಲ. ಹೋದ ತಿಂಗಳು ಮೇಷ್ಟ್ರು ತಮ್ಮಲ್ಲಿ ಎರಡೆರಡು ಇದ್ದ ಜೊಹ್ರಾಗಳಲ್ಲಿ ಒಂದನ್ನು, ಅವರು ಕೊಂಡ ಬೆಲೆಗೇ ನನಗೆ ಕೊಟ್ಟರು. ತೂಕ 11.2. ಮೂರನ್ನೂ ಒಂದೇ ಡಬ್ಬಿಯಲ್ಲಿ ಬೇರೆ ಬೇರೆ ಕಾಗದದಲ್ಲಿ ಸುತ್ತಿ ಅಂಗಡಿಯಲ್ಲಿ ಇಟ್ಟಿದ್ದೇನೆ. ನಾಣ್ಯದ ಬಗ್ಗೆ ಕೇಳುವ ಹುಡುಗರು ಬಂದರೆ ಮೂರನ್ನೂ ಕೈಗೆ ಕೊಟ್ಟು, ಮೊದಲು ಅಂಚು ಸವರಿ ನೋಡಿ ಅನ್ನುತ್ತೇನೆ.