ಐದು ಸಾವಿರದೊಳಗಿನ ಮಲ್ಟಿಫ್ಯೂಯೆಲ್ ಸ್ಟೌ: ಉಪ್ಪಿಟ್ಟು ತಳ ಹಿಡಿಯದೆ ಆಗುತ್ತಾ?

ಟ್ರೆಕ್ಕಿಂಗ್ ಸ್ಟೌ ಒಂದಕ್ಕೆ ಐದಂಕಿಯ ದುಡ್ಡು ಕೊಡುವ ಮನಸ್ಸು ನನಗಿಲ್ಲ. ಎಂಎಸ್‌ಆರ್, ಪ್ರೈಮಸ್, ಆಪ್ಟಿಮಸ್ ಕಂಪನಿಗಳ ಸ್ಟೌಗಳು ಚೆನ್ನಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವು ಆಮದಾಗಿ ಹಾಸನದ ನನ್ನ ಮನೆಗೆ ಬಂದು ಮುಟ್ಟುವಷ್ಟರಲ್ಲಿ ಆ ಬೆಲೆಗೆ ಒಂದು ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಬರುತ್ತದೆ. ನನ್ನ ಪ್ರಕಾರ ಚಳಿಯಲ್ಲಿ ಮೊದಲು ಬೇಕಾದದ್ದು ಅದು. ಹಾಗಾಗಿ ಐದು ಸಾವಿರದೊಳಗೆ ಏನು ಸಿಗುತ್ತದೆ ಅಂತ ಹುಡುಕಿ, ಚೀನಾದಲ್ಲಿ ತಯಾರಾದ ಒಂದು ಮಲ್ಟಿಫ್ಯೂಯೆಲ್ ಸ್ಟೌ, ಅಂದರೆ ಎಣ್ಣೆಯಲ್ಲೂ ಗ್ಯಾಸಿನಲ್ಲೂ ಉರಿಯುವಂಥದ್ದು, ಕೊಂಡೆ.

ಬ್ರ್ಯಾಂಡ್ ಹೆಸರು ಹೇಳಿ ಪ್ರಯೋಜನವಿಲ್ಲ. ಇದೇ ಸ್ಟೌ ಆನ್‌ಲೈನ್‌ನಲ್ಲಿ ನಾಲ್ಕಾರು ಹೆಸರಿನಲ್ಲಿ ಸಿಗುತ್ತದೆ. ಡಬ್ಬದ ಮೇಲಿನ ಅಕ್ಷರ ಬೇರೆ, ಒಳಗಿನ ಲೋಹ ಅದೇ. ಗುರುತು ಹೇಳುತ್ತೇನೆ: ಮಡಚುವ ಮೂರು ಕಾಲು, ಉಕ್ಕಿನ ಜಾಲರಿ ಸುತ್ತಿದ ಕೊಳವೆ, ಬರ್ನರ್ ಹತ್ತಿರವೇ ಒಂದು ಸಣ್ಣ ವಾಲ್ವ್. ಕೊಳವೆಯ ತುದಿ ಎಣ್ಣೆ ಬಾಟಲಿಯ ಪಂಪ್‌ಗೂ ಕೂರುತ್ತದೆ, ತಿರುಪಿನ ಗ್ಯಾಸ್ ಕ್ಯಾನ್‌ಗೂ ಕೂರುತ್ತದೆ. ಪಂಪ್ ಸೇರಿ ಅರ್ಧ ಕಿಲೋ ಆಸುಪಾಸು. ಬಾಟಲಿಯ ತೂಕ ಬೇರೆ, ಬೆಲೆಯೂ ಬೇರೆ.

ಕೇವಲ ಗ್ಯಾಸ್ ಸಾಕು ಅನ್ನುವವರು ಇಷ್ಟು ಭಾರ ಹೊರುವ ಅಗತ್ಯವೇ ಇಲ್ಲ. ಬಿಆರ್‌ಎಸ್-3000ಟಿ ಎಂಬ ಟೈಟಾನಿಯಂ ಬರ್ನರ್ 25 ಗ್ರಾಂ ಇದೆ, ಅಂಗಿ ಜೇಬಿಗೆ ಹಾಕಿಕೊಂಡು ಹೋಗಬಹುದು. ಹಾಗಾದರೆ ನಾನು ಯಾಕೆ ಇದನ್ನು ಕೊಂಡೆ? ಕಾರಣ ರೈಲು.

ಹಾಸನದಿಂದ ಹಿಮಾಚಲಕ್ಕೆ ನಾವು ಹೋಗುವುದು ಯಶವಂತಪುರದಿಂದ ಚಂಡೀಗಢದ ರೈಲಿನಲ್ಲಿ. ಸೀಮೆಎಣ್ಣೆ, ಪೆಟ್ರೋಲ್, ಗ್ಯಾಸ್ ಯಾವುದನ್ನೂ ರೈಲಿನಲ್ಲಿ ಒಯ್ಯುವಂತಿಲ್ಲ. 1989ರ ರೈಲ್ವೆ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ವಿಮಾನದಲ್ಲಂತೂ ಕೇಳುವುದೇ ಬೇಡ. ಅಂದರೆ ಇಂಧನ ಏನಿದ್ದರೂ ಇಳಿದ ಮೇಲೆ ಹುಡುಕಬೇಕು. ಮನಾಲಿ, ಲೇಹ್‌ನಂಥ ಊರುಗಳಲ್ಲಿ ಟ್ರೆಕ್ಕಿಂಗ್ ಅಂಗಡಿಗಳಿವೆ, ಕ್ಯಾನ್ ಸಿಗುತ್ತದೆ. ಆದರೆ ನಾವು ಹೊರಟದ್ದು ಕಿನ್ನೌರ್‌ನ ಕಾಫನೂ ಹಳ್ಳಿಯಿಂದ ಭಾಬಾ ಪಾಸ್ ದಾಟಿ ಸ್ಪಿತಿಯ ಮೂಧ್‌ಗೆ. ಶಿಮ್ಲಾ ದಾಟಿದ ಮೇಲೆ ಆ ದಾರಿಯಲ್ಲಿ ಕ್ಯಾನ್ ಕೇಳಿದರೆ ಅಂಗಡಿಯವರು ಸುಮ್ನೆ ಮುಖ ನೋಡುತ್ತಾರೆ. ರಾಂಪುರದ ಹಾರ್ಡ್‌ವೇರ್ ಅಂಗಡಿಯಲ್ಲಿ ಸೀಮೆಎಣ್ಣೆ ಸಿಕ್ಕಿತು. ಅದೂ ಸಿಗದಿದ್ದರೆ ಪೆಟ್ರೋಲ್ ಬಂಕ್ ಅಂತೂ ಇದ್ದೇ ಇದೆ. ಮಲ್ಟಿಫ್ಯೂಯೆಲ್ ಸ್ಟೌ ಕೊಳ್ಳುವುದು ಈ ನೆಮ್ಮದಿಗೆ.

ಇನ್ನು ಜಾಹೀರಾತಿನ ಮಾತು. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಗ್ಯಾಸ್, ಆಲ್ಕೋಹಾಲ್, ಎಲ್ಲವೂ ಉರಿಯುತ್ತದೆ ಅಂತ ಬರೆದಿರುತ್ತಾರೆ. ನಂಬಬೇಡಿ. ನೋಡಬೇಕಾದದ್ದು ಒಂದೇ, ಡಬ್ಬದಲ್ಲಿ ಎಷ್ಟು ಜೆಟ್ ಕೊಟ್ಟಿದ್ದಾರೆ ಅಂತ. ಜೆಟ್ ಅಂದರೆ ನಮ್ಮ ಅಮ್ಮಂದಿರು ಪಂಪ್ ಸ್ಟೌನಲ್ಲಿ ಪಿನ್ನು ಹಾಕಿ ಚುಚ್ಚುತ್ತಿದ್ದ ಆ ನಿಪ್ಪಲ್ಲೇ. ಒಂದೊಂದು ಇಂಧನಕ್ಕೆ ಒಂದೊಂದು ಅಳತೆಯ ತೂತು ಬೇಕು. ಪ್ರೈಮಸ್ ಕಂಪನಿಯ ಆಮ್ನಿಫ್ಯೂಯೆಲ್ ಸ್ಟೌನಲ್ಲಿ ಗ್ಯಾಸ್‌ಗೆ 0.45 ಮಿಲಿಮೀಟರ್, ಪೆಟ್ರೋಲ್ ಜಾತಿಯ ಇಂಧನಕ್ಕೆ 0.37, ಸೀಮೆಎಣ್ಣೆ ಮತ್ತು ಡೀಸೆಲ್‌ಗೆ 0.28. ಸೀಮೆಎಣ್ಣೆಯ ಆವಿ ದಪ್ಪ, ಸುಡಲು ಗಾಳಿ ಜಾಸ್ತಿ ಬೇಕು. ದೊಡ್ಡ ತೂತಿನಲ್ಲಿ ಅದನ್ನು ಬಿಟ್ಟರೆ ಗಾಳಿ ಸಾಲದೆ ಹಳದಿ ಉರಿ ಬರುತ್ತದೆ. ಹಳದಿ ಉರಿ ಅಂದರೆ ಮಸಿ, ಹೊಗೆ, ವಾಸನೆ ಮತ್ತು ಕಪ್ಪಾದ ಪಾತ್ರೆಯನ್ನು ತಣ್ಣೀರಿನಲ್ಲಿ ಉಜ್ಜುವ ಕೆಲಸ. ಅಗ್ಗದ ಸ್ಟೌಗಳಲ್ಲಿ ಎಷ್ಟೋ ಸಲ ಒಂದೇ ಜೆಟ್ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಅಂಥದ್ದನ್ನು ಮಲ್ಟಿಫ್ಯೂಯೆಲ್ ಅಂತ ಕರೆಯುವುದು ಹೇಗೆ, ನೀವೇ ಹೇಳಿ.

ನನ್ನ ಸ್ಟೌ ಜೊತೆ ಎರಡು ಜೆಟ್ ಬಂದವು. ಎರಡರ ಮೇಲೂ ಒಂದು ಅಂಕಿಯಿಲ್ಲ, ಗೀರಿಲ್ಲ. ನಾನು ಪಾಲಿಟೆಕ್ನಿಕ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವನು, ತೆಳು ತಂತಿ ತೂರಿಸಿ ಅಳತೆ ಮಾಡಿದೆ. ದೊಡ್ಡದು, ಚಿಕ್ಕದು ಅಂತ ಗೊತ್ತಾದ ಮೇಲೆ ಚಿಕ್ಕದರ ಮೇಲೆ ಅರದಲ್ಲಿ ಗೀರು ಹಾಕಿದೆ. ಎಲ್ಲರಿಗೂ ಈ ಸೌಕರ್ಯ ಇರುವುದಿಲ್ಲ. ಬೆಳಕಿಗೆ ಹಿಡಿದು ಪಕ್ಕಪಕ್ಕ ನೋಡಿದರೂ ವ್ಯತ್ಯಾಸ ಕಾಣುತ್ತದೆ, ಕಣ್ಣು ಚೆನ್ನಾಗಿದ್ದರೆ.

ಪೆಟ್ರೋಲ್ ಬಗ್ಗೆ ಒಂದು ಮಾತು. ಉರಿಯುತ್ತದೆ, ಬೇಗ ಬಿಸಿಯೂ ಆಗುತ್ತದೆ. ಆದರೆ ಬಂಕಿನ ಪೆಟ್ರೋಲ್ ಇರುವುದು ಎಂಜಿನ್‌ಗೆ, ಅನ್ನದ ಪಾತ್ರೆಗಲ್ಲ. ಅದರಲ್ಲಿ ಬೆರೆಸುವ ರಾಸಾಯನಿಕಗಳು ಕೊಳವೆಯೊಳಗೆ ಕಿಟ್ಟ ಕಟ್ಟುತ್ತವೆ. ಬೆಂಜೀನ್ ಇರುವುದರಿಂದ ಆ ಹಬೆ ಮೂಗಿಗೂ ಒಳ್ಳೆಯದಲ್ಲ. ಈಗ ಶೇಕಡಾ 20ರವರೆಗೆ ಎಥನಾಲ್ ಬೇರೆ ಬೆರೆಸುತ್ತಾರೆ. ಅದು ನೀರು ಹೀರುತ್ತದೆ, ಕೆಲವು ಜಾತಿಯ ರಬ್ಬರನ್ನು ಉಬ್ಬಿಸುತ್ತದೆ. ಹಾಗಾಗಿ ಸೋರದಂತೆ ತಡೆಯುವ ಓ-ರಿಂಗ್‌ಗಳು ಇಂಧನಕ್ಕೆ ಜಗ್ಗದ ವಿಟಾನ್ ರಬ್ಬರಿನವಾ ಅಂತ ಕೇಳಿ ಕೊಳ್ಳಿ. ಮಾರುವವನಿಗೆ ಗೊತ್ತಿಲ್ಲದಿದ್ದರೆ ಆ ಅಳತೆಯ ವಿಟಾನ್ ರಿಂಗ್‌ಗಳನ್ನು ಬೇರಿಂಗ್, ಸೀಲ್ ಮಾರುವ ಅಂಗಡಿಯಲ್ಲಿ ತೆಗೆದುಕೊಳ್ಳಿ, ಕೆಲವೇ ರೂಪಾಯಿ. ವಿದೇಶದವರು ಹೊಗಳುವ ವೈಟ್ ಗ್ಯಾಸ್ ಇದೆಯಲ್ಲ, ಶುದ್ಧ ಮಾಡಿದ ನಾಫ್ತಾ, ಅದು ನಮ್ಮ ಕಡೆ ಅಂಗಡಿಗಳಲ್ಲಿ ಸಿಗುವುದೇ ಅಪರೂಪ. ಡೀಸೆಲ್ ನಾನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ.

ಉಳಿದದ್ದು ಸೀಮೆಎಣ್ಣೆ. ನನ್ನ ಆಯ್ಕೆ ಅದೇ. ಚೆಲ್ಲಿದರೆ ಪೆಟ್ರೋಲ್‌ನಂತೆ ಭಗ್ಗನೆ ಹತ್ತಿಕೊಳ್ಳುವುದಿಲ್ಲ, ಬೆಟ್ಟದ ಢಾಬಾಗಳಲ್ಲೂ ಕೇಳಿ ನೋಡಬಹುದು. ಎಷ್ಟೋ ಕಡೆ ರೇಷನ್ ಸೀಮೆಎಣ್ಣೆ ನಿಂತುಹೋಗಿರುವುದರಿಂದ ಮೊದಲಿನಷ್ಟು ಸುಲಭವಿಲ್ಲ, ಅದು ನಿಜ. ಸಿಕ್ಕಿದ್ದನ್ನು ಬಟ್ಟೆಯಲ್ಲಿ ಸೋಸಿ ಹಾಕಿ. ಕಸ ಕಣ್ಣಿಗೆ ಕಾಣದಿದ್ದರೂ ಜೆಟ್‌ಗೆ ಕಾಣುತ್ತದೆ.

ಹಚ್ಚುವುದು ಕಲಿಯಬೇಕು. 1892ರಲ್ಲಿ ಸ್ಟಾಕ್‌ಹೋಮ್‌ನ ಲಿಂಡ್‌ಕ್ವಿಸ್ಟ್ ಪ್ರೈಮಸ್ ಸ್ಟೌ ಮಾಡಿದಾಗಿನಿಂದ ತತ್ವ ಬದಲಾಗಿಲ್ಲ. ಅಮುಂಡ್‌ಸೆನ್ ದಕ್ಷಿಣ ಧ್ರುವಕ್ಕೆ ಒಯ್ದದ್ದೂ ಅದೇ, ನಮ್ಮ ಅಡುಗೆಮನೆಗಳಲ್ಲಿ ಭೋರ್ಗರೆದದ್ದೂ ಅದೇ. ಮೊದಲು ಬರ್ನರ್ ಕಾಯಬೇಕು, ಆಗ ಎಣ್ಣೆ ಒಳಗೇ ಆವಿಯಾಗಿ ಜೆಟ್‌ನಿಂದ ಹೊರಡುತ್ತದೆ. ಸರಿಯಾಗಿ ಕಾಯುವ ಮೊದಲೇ ವಾಲ್ವ್ ತೆಗೆದರೆ ದ್ರವವೇ ಚಿಮ್ಮಿ ಮಾರುದ್ದ ಜ್ವಾಲೆ ಏಳುತ್ತದೆ. ಕಾಯಿಸಲು ಸೀಮೆಎಣ್ಣೆಯನ್ನೇ ಬರ್ನರ್ ಕೆಳಗಿನ ಬಟ್ಟಲಿಗೆ ಬಿಟ್ಟರೆ ಮಸಿ ಹಿಡಿಯುತ್ತದೆ. ನಾನು ಬಳಸುವುದು ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್, ಆಲ್ಕೋಹಾಲ್ ಇರುವಂಥದ್ದು. ಗಟ್ಟಿ ಇರುವುದರಿಂದ ಹರಿಯುವುದಿಲ್ಲ, ಇಟ್ಟಲ್ಲೇ ನಿಂತು ಶುಭ್ರವಾಗಿ ಉರಿಯುತ್ತದೆ. ಬಿಸಿಲಿನಲ್ಲಿ ಅದರ ಜ್ವಾಲೆ ಕಾಣುವುದೇ ಇಲ್ಲ, ಆರಿದೆ ಅಂದುಕೊಂಡು ಇನ್ನಷ್ಟು ಸುರಿಯಲು ಹೋಗಬೇಡಿ. ಅದು ಉರಿದು ಮುಗಿಯುವ ಹೊತ್ತಿಗೆ ವಾಲ್ವ್ ಸ್ವಲ್ಪವೇ ತಿರುವಿದರೆ ನೀಲಿ ಉರಿ ಹಿಡಿಯುತ್ತದೆ. ಟೆಂಟಿನೊಳಗೆ ಮಾತ್ರ ಇದ್ಯಾವುದೂ ಬೇಡ. ಬೆಂಕಿಯ ಭಯ ಒಂದು, ಕಾರ್ಬನ್ ಮಾನಾಕ್ಸೈಡ್ ಇನ್ನೊಂದು.

ಈಗ ಉಪ್ಪಿಟ್ಟಿಗೆ ಬರುತ್ತೇನೆ. ಇಂಗ್ಲಿಷ್ ರಿವ್ಯೂಗಳಲ್ಲೆಲ್ಲ ಒಂದು ಲೀಟರ್ ನೀರು ಎಷ್ಟು ನಿಮಿಷದಲ್ಲಿ ಕುದಿಯಿತು ಅನ್ನುವುದೇ ದೊಡ್ಡ ಪರೀಕ್ಷೆ. ಅವರದ್ದು ಪೊಟ್ಟಣ ಕತ್ತರಿಸಿ ಬಿಸಿನೀರು ಸುರಿಯುವ ಊಟ, ಅವರಿಗೆ ಅಷ್ಟು ಸಾಕು. ನಮಗೆ ಒಗ್ಗರಣೆ ಆಗಬೇಕು, ರವೆ ಹುರಿಯಬೇಕು, ಕೊನೆಗೆ ಮುಚ್ಚಿಟ್ಟು ಸಣ್ಣ ಉರಿಯಲ್ಲಿ ಅರಳಬೇಕು. ತೆಳು ಅಲ್ಯುಮಿನಿಯಂ ಪಾತ್ರೆಯಲ್ಲಿ, ಭರ್ರೆನ್ನುವ ಉರಿಯ ಮೇಲೆ, ರವೆ ಹಾಕಿದ ಅರೆಗಳಿಗೆಯಲ್ಲಿ ತಳ ಹಿಡಿಯುತ್ತದೆ. ಆದ್ದರಿಂದ ನಮಗೆ ಬೇಕಾದ ಸ್ಟೌ ಜೋರಾಗಿ ಉರಿಯುವುದಕ್ಕಿಂತ ಸಣ್ಣಗೆ ಉರಿಯುವುದು ಮುಖ್ಯ.

ಇಲ್ಲಿ ವಾಲ್ವ್ ಎಲ್ಲಿದೆ ಅನ್ನುವುದು ಲೆಕ್ಕಕ್ಕೆ ಬರುತ್ತದೆ. ಎಷ್ಟೋ ಸ್ಟೌಗಳಲ್ಲಿ ವಾಲ್ವ್ ಬಾಟಲಿಯ ಪಂಪ್‌ನಲ್ಲಿ ಮಾತ್ರ ಇರುತ್ತದೆ. ಎಂಎಸ್‌ಆರ್‌ನ ಹೆಸರಾಂತ ವಿಸ್ಪರ್‌ಲೈಟ್ ಕೂಡ ಹಾಗೆಯೇ. ಅಲ್ಲಿ ತಿರುವಿದ ಮೇಲೂ ಕೊಳವೆಯಲ್ಲಿರುವ ಎಣ್ಣೆ ಉರಿದು ಮುಗಿಯಬೇಕು, ಆಮೇಲೆ ಉರಿ ಇಳಿಯುತ್ತದೆ. ಅದೇ ಕಂಪನಿಯ ಡ್ರ್ಯಾಗನ್‌ಫ್ಲೈನಲ್ಲಿ ಬರ್ನರ್ ಬಳಿ ಎರಡನೇ ವಾಲ್ವ್ ಇದೆ, ಸಣ್ಣ ಉರಿಗೆ ಅದು ಹೆಸರುವಾಸಿ. ನನ್ನ ಅಗ್ಗದ ಸ್ಟೌನಲ್ಲೂ ಬರ್ನರ್ ಬಳಿ ವಾಲ್ವ್ ಇರುವುದನ್ನು ನೋಡಿಯೇ ಕೊಂಡದ್ದು. ಬಾಟಲಿಗೆ ಪೂರ್ತಿ ಪಂಪ್ ಹೊಡೆಯದೆ ಒತ್ತಡ ಕಡಿಮೆ ಇಟ್ಟು, ಆ ವಾಲ್ವ್‌ನಲ್ಲಿ ಇಳಿಸಿದರೆ ಉಪ್ಪಿಟ್ಟಾಗುವಷ್ಟು ಸಣ್ಣ ಉರಿ ಬರುತ್ತದೆ. ಗ್ಯಾಸಿನಲ್ಲಿ ಇನ್ನೂ ಚೆನ್ನ. ಸೀಮೆಎಣ್ಣೆಯಲ್ಲಿ ತೀರಾ ಇಳಿಸಿದರೆ ಬರ್ನರ್ ತಣ್ಣಗಾಗಿ ಹಳದಿಗೆ ತಿರುಗುತ್ತದೆ, ಹಾಗಾಗಿ ಕೈ ವಾಲ್ವ್ ಮೇಲೇ ಇರಲಿ.

ಭಾಬಾ ಪಾಸ್ ದಾರಿಯ ಕಾರಾ ಎಂಬ ಹುಲ್ಲುಗಾವಲಿನಲ್ಲಿ ಟೆಂಟ್ ಹಾಕಿದಾಗ ನಮ್ಮ ಬಾಮೈದನಿಗೆ ಅನ್ನವೇ ಬೇಕಿತ್ತು. ಸುಮಾರು 3,500 ಮೀಟರ್ ಎತ್ತರ. ಅಲ್ಲಿ ನೀರು 88 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಅದಕ್ಕಿಂತ ಬಿಸಿ ಆಗುವುದೇ ಇಲ್ಲ. ಎಷ್ಟು ಬೆಲೆಯ ಸ್ಟೌ ಇದ್ದರೂ ಅಷ್ಟೇ. ಅಕ್ಕಿ ಮೇಲೆ ಮೆತ್ತಗೆ, ಒಳಗೆ ಕಾಳು. ಎಣ್ಣೆ ಮಾತ್ರ ಖರ್ಚು. ಗಟ್ಟಿ ಅವಲಕ್ಕಿ, ಹುರಿದ ರವೆ, ರಾಗಿ ಹಿಟ್ಟು ಇವು ಅಲ್ಲಿ ಸರಿ. ಹುರಿಹಿಟ್ಟು ಒಯ್ದರಂತೂ ಬಿಸಿನೀರು ಸಾಕು.

ಗ್ಯಾಸ್ ಸಿಗುವ ಕಡೆ ಈ ಸ್ಟೌನ ಇನ್ನೊಂದು ಗುಣ ಉಪಯೋಗಕ್ಕೆ ಬರುತ್ತದೆ. ಕ್ಯಾನ್‌ಗೆ ತುಂಬುವ ಗ್ಯಾಸ್‌ಗಳಲ್ಲಿ ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಐಸೋಬ್ಯುಟೇನ್ ಸುಮಾರು ಮೈನಸ್ 12ರವರೆಗೆ, ಪ್ರೊಪೇನ್ ಮೈನಸ್ 42ರವರೆಗೆ ತಡೆಯುತ್ತದೆ. ಹೋಟೆಲ್ ಮೇಜಿನ ಸ್ಟೌಗೆ ಹಾಕುವ ಉದ್ದನೆಯ ಅಗ್ಗದ ಕ್ಯಾನ್‌ಗಳಲ್ಲಿ ಹೆಚ್ಚಾಗಿ ಬ್ಯುಟೇನ್ ಇರುವುದರಿಂದ ಚಳಿಯ ಬೆಳಗಿನಲ್ಲಿ ಕ್ಯಾನ್ ತುಂಬಿದ್ದರೂ ಉರಿ ಬರುವುದಿಲ್ಲ. ತಿರುಪಿನ ಕ್ಯಾನ್‌ನಲ್ಲಿ ಈ ಗ್ಯಾಸ್‌ಗಳ ಮಿಶ್ರಣ ಇರುತ್ತದೆ, ಅದು ವಾಸಿ. ಅದೂ ಸೋತರೆ, ಸ್ಟೌ ಹತ್ತಿ ಬಿಸಿಯಾದ ಮೇಲೆ ಕ್ಯಾನನ್ನು ತಲೆಕೆಳಗು ಮಾಡಿ. ಗ್ಯಾಸ್ ದ್ರವವಾಗಿಯೇ ಕೊಳವೆಗೆ ಬಂದು, ಬರ್ನರ್ ಬಿಸಿಯಲ್ಲಿ ಆವಿಯಾಗುತ್ತದೆ. ಕೊಳವೆ ಬರ್ನರ್ ಉರಿಯ ಪಕ್ಕದಲ್ಲೇ ಹಾದುಹೋಗುವ ಸ್ಟೌನಲ್ಲಿ ಮಾತ್ರ ಇದನ್ನು ಮಾಡಬಹುದು, ಕ್ಯಾನ್ ತಲೆ ಮೇಲೆ ಕೂರುವ ಪುಟ್ಟ ಬರ್ನರ್‌ಗಳಲ್ಲಿ ಅಪಾಯ.

ಕೊರತೆಗಳೂ ಇವೆ. ಸದ್ದು ಜಾಸ್ತಿ. ಉರಿಯುತ್ತಿರುವಾಗ ಎದುರಿಗೆ ಕೂತವರ ಜೊತೆ ಕಿರುಚಿಯೇ ಮಾತಾಡಬೇಕು. ಕಾಲುಗಳ ತುದಿ ನುಣುಪಾಗಿದ್ದು ಪಾತ್ರೆ ಜಾರುತ್ತಿತ್ತು, ಅರದಲ್ಲಿ ಹಲ್ಲು ಕೊಯ್ದ ಮೇಲೆ ನಿಂತಿತು. ಗಾಳಿತಡೆಯ ಹಾಳೆ ಕಾಗದದಷ್ಟು ತೆಳು. ಪಂಪ್‌ನ ಚರ್ಮದ ವಾಷರ್ ಒಣಗಿಯೇ ಬಂದಿತ್ತು, ಎಷ್ಟು ಒತ್ತಿದರೂ ಗಾಳಿ ಹಿಡಿಯುತ್ತಿರಲಿಲ್ಲ. ಮಾರಿದವರಿಗೆ ಬರೆದರೆ ವಿಡಿಯೋ ಕಳಿಸಿ ಅಂದರು, ಕಳಿಸಿದರೆ ಉತ್ತರವಿಲ್ಲ. ವಾಷರನ್ನು ರಾತ್ರಿ ಎಣ್ಣೆಯಲ್ಲಿ ನೆನೆಸಿ, ಅಂಚು ಬಿಡಿಸಿ ಹಾಕಿದೆ, ಸರಿಹೋಯಿತು. ನನಗೆ ಚರ್ಮದ್ದೇ ಇಷ್ಟ. ಪ್ಲಾಸ್ಟಿಕ್ ಪಂಪ್ ಮುರಿದರೆ ಕಂಪನಿಯ ಬಿಡಿಭಾಗವೇ ಬೇಕು, ಚರ್ಮದ್ದಾದರೆ ಹಳೇ ಸ್ಟೌ ರಿಪೇರಿಯವರು ಯಾರಾದರೂ ಕತ್ತರಿಸಿ ಕೊಡುತ್ತಾರೆ. ನಮ್ಮೂರ ಸಂತೆಪೇಟೆ ಕಡೆ ಇನ್ನೂ ಅಂಥವರಿದ್ದಾರೆ.

ಪಶ್ಚಿಮಘಟ್ಟಕ್ಕೆ ಅಂತ ಕೊಳ್ಳುವುದಾದರೆ ಬೇಡ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಬೆಂಕಿಗೆ ಅವಕಾಶವಿಲ್ಲ, ನಮ್ಮ ಹೆಸರಾಂತ ದಾರಿಗಳು ಹೆಚ್ಚಿನವು ಅಲ್ಲೇ ಇವೆ. ಬುತ್ತಿ ಕಟ್ಟಿಕೊಂಡು ಹೋಗಿ, ಪುಳಿಯೋಗರೆಗೆ ಸ್ಟೌ ಬೇಕಿಲ್ಲ. ಇಬ್ಬರೇ, ನಾಲ್ಕೈದು ದಿನ, ಲೇಹ್ ಅಥವಾ ಮನಾಲಿಯಿಂದ ಹೊರಡುವವರಿಗೂ ಪುಟ್ಟ ಗ್ಯಾಸ್ ಬರ್ನರ್ ಸಾಕು. ಮೂರ್ನಾಲ್ಕು ಜನ, ಉದ್ದದ ದಾರಿ, ಸಣ್ಣ ಊರಿನಿಂದ ಆರಂಭ, ಅಂಥವರಿಗೆ ಇದನ್ನು ಧಾರಾಳವಾಗಿ ಹೇಳುತ್ತೇನೆ. ಸೈಕಲ್‌ನಲ್ಲಿ ದೇಶ ಸುತ್ತುವವರಿಗೂ ಸರಿ, ಅವರ ದಾರಿಯಲ್ಲಿ ಬಂಕ್ ಇದ್ದೇ ಇರುತ್ತದೆ. ಕೈಗೆ ಎಣ್ಣೆ ತಾಗಬಾರದು ಅನ್ನುವವರು ದೂರ ಇರಿ.

ಬಾಟಲಿಯ ವಿಷಯದಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ನೀರು ಕುಡಿಯುವ ಅಲ್ಯುಮಿನಿಯಂ ಬಾಟಲಿ ನೋಡಲು ಹಾಗೇ ಇದ್ದರೂ ಒತ್ತಡ ತಡೆಯಲು ಮಾಡಿದ್ದಲ್ಲ. ಇಂಧನದ್ದೇ ಬಾಟಲಿ ಬೇಕು, ಮೇಲೆ ಗೆರೆ ಇರುವಲ್ಲಿಗೆ ತುಂಬಿಸುವುದು ನಿಲ್ಲಿಸಬೇಕು, ಗಾಳಿಗೆ ಜಾಗ ಇರಬೇಕಲ್ವಾ. ಬೇರೆ ಕಂಪನಿಯ ಬಾಟಲಿ ತರುವುದಾದರೆ ಪಂಪ್ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಥ್ರೆಡ್ ಎರಡು ಸುತ್ತು ಸಲೀಸಾಗಿ ಹೋಗಿ ಮೂರನೆಯದಕ್ಕೆ ಬಿಗಿಯಾದರೆ ವಾಪಸ್ ಕೊಟ್ಟುಬಿಡಿ, ಒತ್ತಿ ಕೂರಿಸಬೇಡಿ.