ಹಳೇ .32 ಪಿಸ್ತೂಲು, ರಿಕಾಯ್ಲ್ ಸ್ಪ್ರಿಂಗಿನ ಕಾಟ: ಬಾಳ ವರ್ಷ ವಾಪರಿಸಿದ ಮ್ಯಾಲಿನ ಮಾತು

ನಮ್ಮಪ್ಪಾರ ಲೈಸೆನ್ಸಿನ್ಯಾಗಿದ್ದ .32 ಪಿಸ್ತೂಲು ನನ್ನ ಹೆಸರಿಗೆ ಆಗಿ ಬಾಳ ವರ್ಷ ಆತ್ರಿ, ಕಂಪನಿ ಹೆಸರು ಬ್ಯಾಡ ಬಿಡ್ರಿ. ಗಟ್ಟಿ ಮಾಲು, ಗುರಿನೂ ಚಲೋ ಐತಿ, ಆದ್ರ ನಡಕ ಸ್ಲೈಡ್ (ಗುಂಡು ಹಾರಿದಾಗ ಹಿಂದ-ಮುಂದ ಸರಿಯೋ ಮ್ಯಾಲಿನ ಭಾಗ) ಪೂರ್ತಿ ಮುಂದ ಹೋಗಿ ಕೂಡ್ರದ, ಜ್ವಾಳದ ಕಾಳಿನಷ್ಟು ಸಂದಿ ಬಿಟ್ಟು ನಿಲ್ಲಾಕ ಹತ್ತಿತು, ಕೇಳಿದವ್ರೆಲ್ಲಾ 'ಸ್ಪ್ರಿಂಗ್ ಹೋತು' ಅಂದ್ರು, ಅಂದ್ರ ಸ್ಲೈಡನ್ನ ವಾಪಸ್ ಮುಂದ ದೂಡೋ ರಿಕಾಯ್ಲ್ ಸ್ಪ್ರಿಂಗ್.

ನನ್ನ ಪ್ರಕಾರ ನಮ್ಮ ಕಡೆ ಪಿಸ್ತೂಲಿನ್ಯಾಗ ಸ್ಪ್ರಿಂಗ್ ಅಷ್ಟು ಲಗೂ ಹೋಗಂಗಿಲ್ರಿ. ಸ್ಪ್ರಿಂಗ್ ಸವೆಯೋದು ಗುಂಡು ಹಾರಿಸಿ ಹಾರಿಸಿ, ಕಪಾಟಿನ್ಯಾಗ ಇಟ್ರ ಅಲ್ಲ. ನಮ್ಮವು ವರ್ಷಗಟ್ಲೆ ಕಪಾಟಿನ್ಯಾಗ ಇರ್ತಾವು, ಎಲೆಕ್ಷನ್ ಬಂತಂದ್ರ ಠಾಣೆಗೆ ಜಮಾ, 2023ರಾಗ ವಿಧಾನಸಭಾ ಆತು, ಮರುವರ್ಷ ಮತ್ತ ಲೋಕಸಭಾ, ಅಲ್ಲಿ ಯಾರು ಎಣ್ಣಿ ಹಚ್ತಾರ? ಹಳೇ ಎಣ್ಣಿ ಜಮಖಂಡಿ ಕಡಿ ಧೂಳಿನ ಕೂಡ ಸೇರಿ ಅಂಟಾಗಿ ಸ್ಲೈಡ್ ಹಿಡಿತೈತಿ.

ಅದಕ್ಕ ಮೊದ್ಲ ಮ್ಯಾಗಜೀನ್ (ಗುಂಡು ತುಂಬೋ ಡಬ್ಬಿ) ತಗೀರಿ, ಚೇಂಬರ್ (ಬ್ಯಾರಲ್ಲಿನ್ಯಾಗ ಗುಂಡು ಕೂಡ್ರೋ ಜಾಗ) ಖಾಲಿ ಐತೇನು ಕಣ್ಣಿಲೆ ನೋಡ್ರಿ, ಬೆರಳಿಲೆನೂ ಮುಟ್ಟಿ ನೋಡ್ರಿ, ಬಾಯಿ ಯಾರ ಕಡೀನೂ ಮಾಡಬ್ಯಾಡ್ರಿ. ಆಮ್ಯಾಲೆ ಸ್ಲೈಡ್ ಹಿಂದ ಜಗ್ಗಿ ಕೈಯಾಗ ಹಿಡ್ಕೊಂಡು ನಿಧಾನಕ ಮುಂದ ಬಿಡ್ರಿ, ಎಲ್ಲಿ ತಡಿತೈತಿ ಅನ್ನೋದು ಕೈಗೇ ಗೊತ್ತಾಗ್ತೈತಿ. ಬಿಚ್ಚಿ ಒರಸಿ ಸ್ಲೈಡ್ ಓಡೋ ಹಳಿಗೆ ಒಂದೊಂದು ಹನಿ ಎಣ್ಣಿ ಬಿಟ್ಟಮ್ಯಾಲೆ ಸರಿ ಹೋದ್ರ ಅಲ್ಲಿಗೆ ಮುಗೀತು. ಗುಂಡೇ ಮ್ಯಾಲೆ ಏರವಲ್ದು ಅಂದ್ರ ಮ್ಯಾಗಜೀನ್ ಮ್ಯಾಲೂ ಡೌಟ್ ಪಡ್ರಿ.

ನಂದು ಒರಸಿದ್ರೂ ಸರಿ ಹೋಗಲಿಲ್ಲ. ಗುಂಡು ಹಾರಿಸೋ ರೇಂಜಿನ್ಯಾಗ ನೋಡಿದ್ರ ಹಾರಿಸಿದ ಗುಂಡಿನ ಖಾಲಿ ಕೇಸು ಮೊದಲಿನಕಿಂತ ದೂರ ಹೋಗಿ ಬೀಳಾಕತ್ತಿದ್ವು, ಸ್ಲೈಡ್ ಹಿಂದ ಬಂದು ಬಡಿಯೋ ಏಟು ಮುಂಗೈಗೆ ಗೊತ್ತಾಗ್ತಿತ್ತು. ಇದು ಖರೇನ ಸ್ಪ್ರಿಂಗ್ ಸೋತ ಲಕ್ಷಣ, ಯಾಕಂದ್ರ ಇಂಥಾ ಬಾಳಷ್ಟು .32ರಾಗ ಬ್ಯಾರಲ್ಲಿಗೆ ಲಾಕ್ ಅಂತ ಇರಂಗಿಲ್ಲ, ಗುಂಡಿನ ಒತ್ತಡ ತಡಕೊಳ್ಳೋದು ಸ್ಲೈಡಿನ ತೂಕ ಮತ್ತ ಈ ಸ್ಪ್ರಿಂಗ್ ಅಷ್ಟ. ಹಂಗ ಬಿಟ್ರ ಫ್ರೇಮಿಗೇ (ಪಿಸ್ತೂಲಿನ ಕೆಳಗಿನ ಚೌಕಟ್ಟಿಗೆ) ಪೆಟ್ಟು. ಹೊಸಾದರ ಬಾಜೂ ಇಟ್ರ ಹಳೇದು ಗಿಡ್ಡ ಆಗಿದ್ದು ಎದ್ದು ಕಾಣ್ತಿತ್ತು.

ಒಬ್ಬ ಪುಣ್ಯಾತ್ಮ ಜಗ್ಗಿ ಉದ್ದ ಮಾಡಿ ಕೊಡ್ತೀನಿ ಅಂದಿದ್ದ! ಅದೇನು ಬಾಳ ದಿನ ನಿಲ್ಲಂಗಿಲ್ರಿ, ಮತ್ತ ರಿಪೇರಿ ಲೈಸೆನ್ಸ್ ಇರೋ ಡೀಲರ್ ಕಡೀನ ಮಾಡಿಸಬೇಕು, ಕಾನೂನು ಹಂಗ ಐತಿ.

ಹೊಸಾ ಸ್ಪ್ರಿಂಗ್ ಹಾಕಿದಮ್ಯಾಲೆ ಉಲ್ಟಾ ಕಾಟ. ಹಳೇ ಸ್ಟಾಕಿನ ಗುಂಡು ಹಾಕಿದ್ರ ಸ್ಲೈಡ್ ಪೂರ್ತಿ ಹಿಂದ ಬರವಲ್ದು, ಖಾಲಿ ಕೇಸು ಹೊರಗ ಬೀಳೋ ಕಿಂಡ್ಯಾಗ ನೆಟ್ಟಗ ನಿಂತು ಸಿಗಿಬೀಳೂದು. ಚಲೋ ಗುಂಡು ಹಾಕಿ ಮುಂಗೈ ಬಿಗಿ ಹಿಡಿದಮ್ಯಾಲೆ ಆ ಕಾಟ ನಿಂತತು. ಮುಂಗೈ ಸಡಲ ಇದ್ರೂ ಹಿಂಗ ಆಗ್ತೈತಿ, ಅದಕ್ಕ ಇನ್ನೊಬ್ಬರ ಕೈಯಾಗ ಕೊಟ್ಟು ನೋಡಿ ಆಮ್ಯಾಲೆ ಸ್ಪ್ರಿಂಗಿಗೆ ಬಯ್ರಿ, ಅವರೂ ಲೈಸೆನ್ಸಿನವ್ರು ಇರಬೇಕು, ರೇಂಜಿನ್ಯಾಗ ಇರಬೇಕು.

ಕೆಲವು ಮಾಡೆಲ್ಲಿನ್ಯಾಗ ಸ್ಪ್ರಿಂಗ್ ಬ್ಯಾರಲ್ ಮ್ಯಾಲೇನ ಸುತ್ತಿರ್ತೈತಿ, ಒಂದು ತುದಿ ಬಿಗಿ, ಅದು ಯಾವ ಕಡೆ ಇತ್ತು ಅಂತ ಮರೀಬಾರದು ಅಂದ್ರ ಬಿಚ್ಚೂಮುಂದ ಒಂದು ಫೋಟೋ ಹೊಡಕೊಳ್ರಿ.

ಪಿಸ್ತೂಲಿಗೆ ಐದಕ್ಕ ನಾಕು ಸ್ಟಾರ್. ಒಂದು ಕಟ್ ಮಾಡಿದ್ದು ಸ್ಪೇರ್ ಪಾರ್ಟ್ ಸಲವಾಗಿ, ಬೆಳಗಾವಿಗೆ ಫೋನ್ ಮಾಡಿದಾಗೆಲ್ಲಾ 'ಮುಂದಿನ ವಾರ ಬರ್ರಿ' ಅಂತ ಅಂದದ್ದೇ ಅಂದದ್ದು, ಇಷ್ಟು ಸಣ್ಣ ಸ್ಪ್ರಿಂಗಿಗೆ.