ಜಿಲ್ಲಾಸ್ಪತ್ರೆ ಎಸ್‌ಎನ್‌ಸಿಯು (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ): ಡಾಕ್ಟ್ರುಗಳಿಗೆ ಫುಲ್ ಮಾರ್ಕ್ಸ್

ಸರ್ಕಾರಿ ಆಸ್ಪತ್ರೆ ಅಂತ ಹಿಂದೆಮುಂದೆ ನೋಡೋರಿಗೆ ಇದನ್ನ ಹೇಳ್ಲೇಬೇಕು. ನನ್ ತಂಗಿಗೆ 32 ವಾರಕ್ಕೇ ಹೆರಿಗೆ ಆಗೋಯ್ತು, ಮಗು ಒಂದೂವರೆ ಕೆಜಿ, ಉಸಿರಾಡೋಕೆ ಒದ್ದಾಡ್ತಿತ್ತು, ಪ್ರತಿ ಉಸಿರಿಗೂ ಪಕ್ಕೆ ಒಳಗೆ ಹೋಗ್ತಿತ್ತು, ನೋಡೋಕಾಗ್ತಿರ್ಲಿಲ್ಲ. ಡಾಕ್ಟ್ರು ತಡ ಮಾಡ್ದೆ ಮೂಗಿಗೆ ಸಿಪ್ಯಾಪ್ ಹಾಕಿದ್ರು, ಶ್ವಾಸಕೋಶ ಕುಸೀದೆ ಇರೋ ಹಾಗೆ ಒತ್ತಡದಲ್ಲಿ ಗಾಳಿ ಕೊಡೋ ಮೆಷಿನ್ ಅದು.

ಆಕ್ಸಿಜನ್ ಜಾಸ್ತಿ ಕೊಟ್ರೆ ಒಳ್ಳೇದಲ್ವಾ ಮೇಡಂ ಅಂತ ಕೇಳ್ದೆ. ಇಲ್ಲಮ್ಮ, ಅವಧಿಗೆ ಮುಂಚೆ ಹುಟ್ಟಿದ ಮಗುಗೆ ಜಾಸ್ತಿ ಆದ್ರೆ ಕಣ್ಣಿನ ರೆಟಿನಾಗೇ ತೊಂದ್ರೆ ಅಂದ್ರು, ಅದಕ್ಕೇ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ತೋರ್ಸೋಕೆ ಕಾಲಿಗೆ ಕಟ್ಟಿರೋ ಪ್ರೋಬ್ ರೀಡಿಂಗ್ ನೋಡ್ತಾ ನೋಡ್ತಾ ಸ್ವಲ್ಪ ಸ್ವಲ್ಪನೇ ಅಡ್ಜಸ್ಟ್ ಮಾಡ್ತಾ ಇರ್ತಾರೆ. ಮಗು ಹುಟ್ಟಿದ ನಾಲ್ಕು ವಾರದೊಳಗೆ ಕಣ್ಣಿನ ಟೆಸ್ಟ್ ಮಾಡಿಸ್ಲೇಬೇಕು ಅಂತ ಡಿಸ್ಚಾರ್ಜ್ ಶೀಟಲ್ಲಿ ಕೆಂಪು ಪೆನ್ನಲ್ಲಿ ಬರ್ದು ಕೊಟ್ರು, ಯಾರೂ ಇದನ್ನ ಮಿಸ್ ಮಾಡ್ಬೇಡಿ ಪ್ಲೀಸ್.

ತಂಗಿ ಹಾಲನ್ನೇ ಹಿಂಡಿ ಟ್ಯೂಬಲ್ಲಿ ಕೊಟ್ರು. ಆಮೇಲೆ ಕಾಂಗರೂ ಕೇರ್, ಮಗುನ ಎದೆಗೆ ಮೈ ತಾಗೋ ಹಾಗೆ ಕಟ್ಕೊಳ್ಳೋದು, ಭಾವನಿಗೂ ಕಲಿಸಿದ್ರು!

ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಔಷಧಿ, ಟೆಸ್ಟ್ ಎಲ್ಲಾ ಫ್ರೀ. ಬೇಜಾರಾಗಿದ್ದು ಒಂದೇ, ಹೊರಗೆ ಕಾಯೋರಿಗೆ ಸರಿಯಾಗಿ ಕೂರೋಕೂ ಜಾಗ ಇಲ್ಲ, ಹಸಿ ಬಾಣಂತಿ ಬೆಂಚಿಗೋಸ್ಕರ ನಿಂತು ಕಾಯೋದು ತಪ್ಪು, ಇದನ್ನ ಆಸ್ಪತ್ರೆಯವರು ಮೊದ್ಲು ಸರಿ ಮಾಡ್ಬೇಕು. ಟ್ರೀಟ್ಮೆಂಟ್ ವಿಷಯದಲ್ಲಿ ಮಾತ್ರ ಕಣ್ಮುಚ್ಕೊಂಡು ಹೋಗಿ.